ಹಳೆಯ ಸೈಕಲ್ಲಿನ ಜೀರ್ಣೋದ್ಧಾರ

ಸುರಪುರದಿಂದ ಲಿಂಗಸುಗೂರಿನ ಕಡೆಗೆ ಹೊರಟ ಹೆದ್ದಾರಿಯು ಕೃಷ್ಣೆಯನ್ನು ದಾಟುವ ಎಡೆಯಲ್ಲಿರುವ ತಿಂಥಣಿಯ ಸುತ್ತಮುತ್ತಣ ಹಳ್ಳಿಗಳಲ್ಲಿ ನಾಲ್ಕು ಹೆಜ್ಜೆ ಸುತ್ತಾಡಿದವರಿಗೆ, ದನದ ಕೊಟ್ಟಿಗೆಯ ಮೂಲೆಯಲ್ಲಿಯೋ ಬಣವೆಯ ಮಗ್ಗುಲಲ್ಲಿಯೋ ಬೇವಿನ ಮರದ ಬುಡದಲ್ಲಿಯೋ ಒರಗಿ ನಿಂತು ತುಕ್ಕು ಹಿಡಿಯುತ್ತಿರುವ ಸೈಕಲ್ಲುಗಳು ಕಾಣದೆ ಹೋಗವು. ಅವುಗಳಲ್ಲಿ ಕೆಲವು ಅಜ್ಜಂದಿರ ಕಾಲದ ಕರಿಯ ದೊಡ್ಡ ಸೈಕಲ್ಲುಗಳು. ಮತ್ತೆ ಕೆಲವು, ರಾಜ್ಯ ಸರ್ಕಾರವು 2006-07ರಲ್ಲಿ ಆರಂಭಿಸಿ, ಎಂಟನೆಯ ತರಗತಿಯ ಮಕ್ಕಳಿಗೆ ವರ್ಷವರ್ಷವೂ ಹಂಚುತ್ತ ಬಂದು, ಕೋವಿಡ್ ಕಾಲದಲ್ಲಿ ನಿಂತುಹೋದ ಯೋಜನೆಯ ಸೈಕಲ್ಲುಗಳು. ಮನೆಯಲ್ಲಿ ಜಾಗ ಸಾಲದಾದಾಗ ಅವನ್ನು ಹಳೆಯ ಕಬ್ಬಿಣದ ವ್ಯಾಪಾರಿಗೆ ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟು ಕೈತೊಳೆದುಕೊಳ್ಳುವುದು ಈಗಿನ ವಾಡಿಕೆಯಾಗಿದೆ. ಈ ವಾಡಿಕೆಯಿಂದ ನಾವು ಕಳೆದುಕೊಳ್ಳುತ್ತಿರುವುದು ಬಹಳವೆಂದೂ, ಆ ಸೈಕಲ್ಲುಗಳನ್ನು ಬಿಚ್ಚಿ, ತೊಳೆದು, ತಿದ್ದಿ, ಬಣ್ಣ ಬಳಿದು ಮತ್ತೆ ರಸ್ತೆಗೆ ಇಳಿಸುವ ಕೆಲಸವನ್ನು ನಮ್ಮ ಹುಡುಗ ಹುಡುಗಿಯರ ಕೈಗೇ ಒಪ್ಪಿಸಬೇಕೆಂದೂ, ಅಂಥ ಕೆಲಸಕ್ಕೆ ತಿಂಥಣಿಗಿಂತ ತಕ್ಕ ಸ್ಥಳ ಈ ಸೀಮೆಯಲ್ಲಿ ಇನ್ನೊಂದಿಲ್ಲವೆಂದೂ ವಾಚಕರಲ್ಲಿ ನಿವೇದಿಸುವುದು ಈ ಲೇಖನದ ಉದ್ದೇಶ.

ತಿಂಥಣಿ ಎಂದೊಡನೆ ಈ ನಾಡಿನವರ ಮನಸ್ಸಿಗೆ ಬರುವವನು ಕೃಷ್ಣೆಯ ದಂಡೆಯ ಮೌನೇಶ್ವರ. ಕಬ್ಬಿಣವನ್ನು ಬಡಿಯುವ ಕಮ್ಮಾರ, ಮರವನ್ನು ಕೆತ್ತುವ ಬಡಗಿ, ತಾಮ್ರ ಹಿತ್ತಾಳೆಗಳನ್ನು ಎರೆಯುವ ಕಂಚುಗಾರ, ಕಲ್ಲನ್ನು ಕಡೆಯುವ ಶಿಲ್ಪಿ, ಬಂಗಾರವನ್ನು ತಿದ್ದುವ ಅಕ್ಕಸಾಲಿಗ, ಈ ಐದು ಕಸುಬುಗಳ ವಿಶ್ವಕರ್ಮ ಸಮುದಾಯಕ್ಕೆ ಅವನು ಪರಮಗುರು. ಅಷ್ಟೇ ಅಲ್ಲದೆ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಜನರು ನಡೆದುಕೊಳ್ಳುವ ದೈವ. ಕೈಯ ಕಸುಬನ್ನು ಕೀಳೆಂದು ಬಗೆಯದೆ ಅದನ್ನು ಗುರುಸ್ಥಾನದ ಸನ್ನಿಧಿಗೆ ತಂದು ನಿಲ್ಲಿಸಿದ ಸಂಪ್ರದಾಯ ಈ ಊರಿನದು. ಜಾತ್ರೆಗೆ ಬಂದ ಕುಶಲಕರ್ಮಿಯು ತನ್ನ ಕುಲುಮೆಯ, ಉಳಿಯ, ಸುತ್ತಿಗೆಯ ಬದುಕನ್ನೇ ನೆನೆದು ಅಲ್ಲಿ ಕೈಮುಗಿಯುವನು. ಇಂಥ ಊರಿನ ನೆರೆಯಲ್ಲಿಯೇ, ತಿದ್ದಿದರೆ ಇನ್ನೊಂದು ತಲೆಮಾರು ಬಾಳಬಹುದಾದ ಯಂತ್ರವನ್ನು ತಿದ್ದುವವರಿಲ್ಲದೆ ಗುಜರಿಗೆ ಹಾಕುವುದು ಆ ಸಂಪ್ರದಾಯಕ್ಕೆ ಸಲ್ಲದ ಮಾತು.

ಹಳೆಯ ಸೈಕಲ್ಲಿನ ಅಸ್ಥಿಪಂಜರವನ್ನು ಹತ್ತಿರದಿಂದ ನೋಡಿದವರಿಗೆ ಸೈಕಲ್ಲಿಗೂ ಈ ಕಸುಬುಗಳಿಗೂ ಇರುವ ಸಂಬಂಧವು ನನ್ನ ಕಲ್ಪನೆಯಲ್ಲವೆಂಬುದು ತಿಳಿಯುವುದು. ಉಕ್ಕಿನ ಕೊಳವೆಗಳ ತುದಿಗಳನ್ನು ಉಕ್ಕಿನದೇ ಗೂಡುಗಳೊಳಗೆ ಇಳಿಸಿ, ಕೆಂಪಗೆ ಕಾಯಿಸಿ, ಸಂದಿನೊಳಕ್ಕೆ ಹಿತ್ತಾಳೆಯನ್ನು ಕರಗಿಸಿ ಹರಿಯಬಿಟ್ಟು ಬೆಸೆದ ಆ ಫ್ರೇಮಿನಲ್ಲಿ ಕಮ್ಮಾರನ ವಿದ್ಯೆಯೂ ಕಂಚುಗಾರನ ವಿದ್ಯೆಯೂ ಒಂದರೊಳಗೊಂದು ಕೂಡಿಕೊಂಡಿವೆ. ಆದುದರಿಂದಲೇ ಅಂಥ ಸಂದು ಬಿಟ್ಟುಕೊಂಡಾಗ ಟ್ರ್ಯಾಕ್ಟರಿನ ನೇಗಿಲಿಗೆ ವೆಲ್ಡಿಂಗ್ ಮಾಡುವಂತೆ ಅದಕ್ಕೂ ವಿದ್ಯುತ್ ವೆಲ್ಡಿಂಗ್ ಹಿಡಿಸಿದರೆ ತೆಳುವಾದ ಕೊಳವೆಯು ಸುಟ್ಟು, ಬೆಸುಗೆಯ ಪಕ್ಕದಲ್ಲಿಯೇ ಮುಂದೊಂದು ದಿನ ಮುರಿಯುವುದು. ಹಿತ್ತಾಳೆಯ ಬೆಸುಗೆಯನ್ನು ಬಲ್ಲವನನ್ನೇ ಹುಡುಕಿಕೊಂಡು ಹೋಗಬೇಕು.

ಈ ಸೈಕಲ್ಲುಗಳ ವಂಶಾವಳಿಯೂ ಸಣ್ಣದಲ್ಲ. ಇಂಗ್ಲೆಂಡಿನ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ, ಹೆಚ್ಚುಕಡಿಮೆ ಸಮಗಾತ್ರದ ಎರಡು ಗಾಲಿಗಳನ್ನೂ ಹಿಂಗಾಲಿಯನ್ನು ಎಳೆಯುವ ಚೈನನ್ನೂ ಉಳ್ಳ ‘ರೋವರ್’ ಸೈಕಲ್ಲನ್ನು ರೂಪಿಸಿದನು. 1888ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಗಾಳಿ ತುಂಬಿದ ಟೈರನ್ನು ಸೈಕಲ್ಲಿಗೆ ಒದಗಿಸಿದನು. ನಮ್ಮ ದೇಶ ಸ್ವತಂತ್ರವಾದ ಮೇಲೆ, ಮದ್ರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್, ಸೋನೀಪತದಲ್ಲಿ 1951ರಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ 1956ರಲ್ಲಿ ಹೀರೋ, ಹೀಗೆ ಕಾರ್ಖಾನೆಗಳು ತಲೆಯೆತ್ತಿ, ಸಿರಿವಂತರ ಮನೆಯ ವಸ್ತುವಾಗಿದ್ದ ಸೈಕಲ್ಲು ಮಾಸ್ತರರ, ಅಂಚೆಯಾಳಿನ, ಹಾಲು ಮಾರುವವನ ಒಡವೆಯಾಯಿತು. ವಿಶ್ವಸಂಸ್ಥೆಯು ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು 2018ರಲ್ಲಿ ಘೋಷಿಸಿತು. 2020ರ ಅದೇ ಜೂನ್ 3ರಂದು ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆಯು ಕೆಲಸ ನಿಲ್ಲಿಸಿತೆಂಬ ಸುದ್ದಿಯನ್ನು ಓದಿ ಮರುಗಿದವರು ಹಲವರು. ಕಾರ್ಖಾನೆಗಳು ಮುಚ್ಚಬಹುದು, ಆದರೆ ಅಲ್ಲಿ ತಯಾರಾದ ಸೈಕಲ್ಲುಗಳ ಉಕ್ಕು ನಮ್ಮ ಹಿತ್ತಿಲುಗಳಲ್ಲಿ ಇನ್ನೂ ಗಟ್ಟಿಯಾಗಿಯೇ ಇದೆ.

ಹೊಸಬನಿಗೆ ಆ ಕರಿಯ ದೊಡ್ಡ ಸೈಕಲ್ಲು ಅನುಕೂಲವಾಗಿರುವುದಕ್ಕೆ ಪ್ರಬಲವಾದ ಕಾರಣವೊಂದಿದೆ. 28 ಅಂಗುಲದ ಗಾಲಿ, ಮುಂದೆ 32 ಹಿಂದೆ 40 ಕಡ್ಡಿ, ಸರಳುಗಳಿಂದ ಎಳೆಯುವ ಬ್ರೇಕು, ಅರ್ಧ ಅಂಗುಲದ ಅಂತರದ ಹಲ್ಲುಗಳಿಗೆ ಹೊಂದುವ ಚೈನು, ಇವುಗಳ ಅಳತೆಯು ದಶಕಗಳು ಉರುಳಿದರೂ ಬದಲಾಗಿಲ್ಲ. ಆದಕಾರಣ ತಂದೆಯ ಕಾಲದ ಸೈಕಲ್ಲಿಗೆ ಮಗನ ಕಾಲದ ಬಿಡಿಭಾಗವು ಸಲೀಸಾಗಿ ಕೂಡುತ್ತದೆ. ಮನೆಯಲ್ಲಿ ಇಲ್ಲದವರು ಹಳೆಯದೊಂದನ್ನು ಕೊಳ್ಳುವ ಮುನ್ನ ನೋಡಿಕೊಳ್ಳಬೇಕಾದವುಗಳು ಮಾತ್ರ ಕೆಲವಿವೆ. ಸವೆದ ಟೈರು, ಹರಿದ ಸೀಟು, ತುಕ್ಕಿನ ಮಡಗಾರ್ಡು ಇವುಗಳಿಂದ ಅಂಜಬೇಕಾದುದಿಲ್ಲ, ಏಕೆಂದರೆ ಇವೆಲ್ಲ ಬದಲಾಗುವಂಥವು. ಮುಂಗಾಲಿಯನ್ನು ಹಿಡಿದ ಚಿಮಟ ಹ್ಯಾಂಡಲಿನ ಕೊಳವೆಯನ್ನು ಸೇರುವಲ್ಲಿ, ಸೀಟಿನ ಕೊಳವೆ ಪೆಡಲಿನ ಗೂಡಿಗೆ ಇಳಿಯುವಲ್ಲಿ ಕೂದಲೆಳೆಯಂಥ ಬಿರುಕು ಇದೆಯೋ ಎಂಬುದನ್ನು ಬೆಳಕಿಗೆ ಹಿಡಿದು ಪರೀಕ್ಷಿಸಬೇಕು. ಇದ್ದರೆ ಆ ಸೈಕಲ್ಲನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಹೊಸಬನು ಮುಟ್ಟಬಾರದು. ಫ್ರೇಮಿನ ಮೇಲೆ ಒತ್ತಿದ ಸಂಖ್ಯೆಯನ್ನು ಓದಿಕೊಂಡು, ಮಾರುವವನಿಂದ ಒಂದು ಚೀಟಿ ಬರೆಯಿಸಿಕೊಳ್ಳುವುದು ಪ್ರಾಮಾಣಿಕನಾದ ಕೊಳ್ಳುವವನ ಧರ್ಮ.

ಸೈಕಲ್ಲು ಅಂಗಳಕ್ಕೆ ಬಂದೊಡನೆ ಹೊಸಬನ ಕೈ ಹಾರುವುದು ಬಣ್ಣದ ಡಬ್ಬಿಯ ಕಡೆಗೆ. ಈ ಆತುರವನ್ನು ತಡೆಯುವುದೇ ಈ ವಿದ್ಯೆಯ ಮೊದಲನೆಯ ಪಾಠವೆಂದು ನಾನು ಭಾವಿಸುತ್ತೇನೆ. ತುಕ್ಕಿನ ಮೇಲೆಯೇ ಎನಾಮೆಲ್ ಬಳಿದು, ಒಳಗಿನ ಬೇರಿಂಗಿನ ಗುಂಡುಗಳು ಸವೆದು ಕಿರುಗುಟ್ಟುತ್ತಿರುವಾಗಲೇ ಹೊರಗೆ ಮಿಂಚು ತಂದ ಸೈಕಲ್ಲು ‘ಹೊರಗೆ ಥಳಕು, ಒಳಗೆ ಹುಳುಕು’ ಎಂಬ ಗಾದೆಗೆ ಸರಿಯಾದ ಉದಾಹರಣೆ. ಅದನ್ನು ನಂಬಿ ಇಳಿಜಾರಿನಲ್ಲಿ ಇಳಿದವನಿಗೆ ಅಪಾಯವೂ ಉಂಟು. ಮೊದಲು ಬಿಚ್ಚುವುದು, ಅನಂತರ ತೊಳೆಯುವುದು, ಸವೆದುದನ್ನು ಬದಲಿಸುವುದು, ತುಕ್ಕು ತೆಗೆಯುವುದು, ಕಡೆಗೆ ಬಣ್ಣ: ಈ ಅನುಕ್ರಮವನ್ನು ಮೀರಿ ಯಾರೂ ಒಳ್ಳೆಯ ಕೆಲಸ ಮಾಡಿಲ್ಲ.

ಬಿಚ್ಚುವ ಕೆಲಸದಲ್ಲಿ ಬಲಕ್ಕಿಂತ ತಿಳಿವಳಿಕೆ ಮಿಗಿಲು. ಎಡಗಡೆಯ ಪೆಡಲಿನ ತಿರುಪಿನ ಮರೆಯು ಸಾಮಾನ್ಯ ಮರೆಗಳಿಗೆ ವಿರುದ್ಧವಾಗಿ ತಿರುಗುವುದೆಂಬುದನ್ನು ಅರಿಯದವನು ಪಾನಾ ಹಿಡಿದು ಹೆಣಗಿದಷ್ಟೂ ಅದು ಬಿಗಿಯುತ್ತಲೇ ಹೋಗುವುದು. ಪೆಡಲಿನ ತೋಳನ್ನು ಅಚ್ಚಿಗೆ ಹಿಡಿದಿರುವ ಕಾಟರ್ ಪಿನ್ನನ್ನು ಹೊರಡಿಸುವ ರೀತಿಯನ್ನು ಒಮ್ಮೆ ಬಲ್ಲವರ ಬಳಿ ನಿಂತು ನೋಡತಕ್ಕದ್ದು. ಹಿಂದಿನ ದಿನವೇ ಅದಕ್ಕೆ ಎಣ್ಣೆ ಉಣಿಸಿಟ್ಟು, ನಟ್ಟನ್ನು ಪೂರ್ತಿ ತೆಗೆಯದೆ ಪಿನ್ನಿನ ತುದಿಗೆ ಸಮನಾಗಿ ನಿಲ್ಲಿಸಿ, ತೋಳಿನ ಕೆಳಗೆ ಗಟ್ಟಿಯಾದ ಮರದ ತುಂಡನ್ನು ಆನಿಸಿ, ಅನುಭವಿಯು ಸುತ್ತಿಗೆಯಿಂದ ಒಂದೇ ಒಂದು ದೃಢವಾದ ಪೆಟ್ಟು ಹಾಕುವನು, ಪಿನ್ನು ಕದಲುವುದು. ಅಂಜಿ ಅಂಜಿ ಹತ್ತು ಸಣ್ಣ ಪೆಟ್ಟುಗಳನ್ನು ಹಾಕುವವನ ಕೈಯಲ್ಲಿ ಅದರ ತಲೆ ಚಪ್ಪಟೆಯಾಗಿ ಅಲ್ಲಿಯೇ ಕಚ್ಚಿಕೊಳ್ಳುವುದು. ಎಲ್ಲಿ ಮೃದುವಾಗಿರಬೇಕು, ಎಲ್ಲಿ ಸಂಕೋಚವಿಲ್ಲದೆ ಬಲ ಪ್ರಯೋಗಿಸಬೇಕು ಎಂಬ ವಿವೇಕವು ಪುಸ್ತಕದಿಂದ ಬರುವಂಥದಲ್ಲ.

ಪೆಡಲಿನ ಗೂಡನ್ನು ತೆರೆದಾಗ ಕಾಣುವುದು ಸೈಕಲ್ಲಿನ ನಿಜವಾದ ಚರಿತ್ರೆ. ವರ್ಷಗಟ್ಟಲೆ ಎರೆಭೂಮಿಯ ಮಣ್ಣೂ ಕಾಲುವೆಯ ದಾರಿಯ ನೀರೂ ಸೇರಿ ಗ್ರೀಸು ಕರಿಯ ಮೇಣದಂತೆ ಗಟ್ಟಿಯಾಗಿ ಕುಳಿತಿರುತ್ತದೆ. ಅದನ್ನು ಸೀಮೆಎಣ್ಣೆಯಲ್ಲಿಯೋ ಡೀಸೆಲ್ಲಿನಲ್ಲಿಯೋ ಕರಗಿಸಿ ಒರಸಿದಾಗ, ಒಂದೊಂದು ಬದಿಗೆ ಸಾಮಾನ್ಯವಾಗಿ 11ರಂತೆ ಕಾಲಂಗುಲದ ಗುಂಡುಗಳು ಹೊರಬೀಳುತ್ತವೆ. ಗುಂಡುಗಳು ಕೂರುವ ಬಟ್ಟಲನ್ನು ತೊಳೆದು ಅದರ ಒಳಮೈಯ ಮೇಲೆ ಬೆರಳ ತುದಿಯನ್ನು ಮೆಲ್ಲನೆ ಆಡಿಸಿದರೆ, ಕಣ್ಣಿಗೆ ಕಾಣದ ಕುಳಿಗಳು ಬೆರಳಿಗೆ ತಿಳಿಯುತ್ತವೆ. ಕುಳಿ ಬಿದ್ದ ಬಟ್ಟಲನ್ನು ಬದಲಿಸಲೇಬೇಕು. ಗುಂಡುಗಳನ್ನಂತೂ, ಚೆನ್ನಾಗಿ ಕಂಡರೂ ಸರಿ, ಒಟ್ಟಿಗೆ ಹೊಸವನ್ನೇ ಹಾಕಬೇಕು, ಅವುಗಳ ಬೆಲೆ ತೀರ ಅಲ್ಪ. ಹೊಸ ಗ್ರೀಸಿನ ಹಾಸಿನಲ್ಲಿ ಅವನ್ನು ಕೂರಿಸಿ, ಅಚ್ಚು ಅಲುಗಾಡದಂತೆಯೂ ಬಿಗಿಯಾಗಿ ಕಚ್ಚದಂತೆಯೂ ಬಟ್ಟಲನ್ನು ತಿರುಗಿಸಿ ನಿಲ್ಲಿಸುವ ಆ ಹದವು ಕೈಗೆ ಹತ್ತಿದ ಹುಡುಗನು ಮುಂದೆ ಪಂಪ್‌ಸೆಟ್ಟನ್ನಾಗಲಿ ಟ್ರ್ಯಾಕ್ಟರನ್ನಾಗಲಿ ಬಿಚ್ಚಲು ಹಿಂದೆಗೆಯಲಾರನು.

ಇನ್ನು ತುಕ್ಕು ಮತ್ತು ಬಣ್ಣ. ಕಬ್ಬಿಣವು ಗಾಳಿ ನೀರುಗಳೊಡನೆ ಕೂಡಿ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಆದುದರಿಂದ ಅದು ಉಬ್ಬಿ, ಮೇಲಿನ ಬಣ್ಣವನ್ನು ಹಕ್ಕಳೆಯಾಗಿ ಎಬ್ಬಿಸುತ್ತದೆ. ಈ ಕಾರಣದಿಂದಲೇ ತುಕ್ಕಿನ ಮೇಲೆ ಬಳಿದ ಬಣ್ಣ ನಿಲ್ಲದು. ಹಕ್ಕಳೆಗಳನ್ನು ಕೆರೆದು, ಪಾಲಿಶ್ ಕಾಗದದಿಂದ ಲೋಹವು ಬೆಳ್ಳಗಾಗುವವರೆಗೆ ಉಜ್ಜಬೇಕು. ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಬಿಡಲಾಗದು: ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು. ಗೃಹೋಪಯೋಗಿ ಬಣ್ಣಗಳಲ್ಲಿ ಸೀಸವು ದಶಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರಲ್ಲಿ. ಆದುದರಿಂದ ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸುವುದು ಸರ್ವಥಾ ಕೂಡದು; ನೀರು ಹಚ್ಚಿ ಉಜ್ಜಬೇಕು, ಮೂಗು ಬಾಯಿಗಳಿಗೆ ಮುಸುಕಿರಬೇಕು, ಆ ಕೆಲಸವನ್ನು ದೊಡ್ಡವರೇ ಮಾಡಬೇಕು, ಎಳೆಯ ಮಕ್ಕಳು ಆ ಅಂಗಳದಲ್ಲಿರಬಾರದು.

ಬೆಳ್ಳಗಾದ ಲೋಹಕ್ಕೆ ಅದೇ ದಿನ ರೆಡ್ ಆಕ್ಸೈಡ್ ಪ್ರೈಮರನ್ನು ಕೊಡಬೇಕು, ರಾತ್ರಿ ಕಳೆದರೆ ಮತ್ತೆ ತುಕ್ಕಿನ ಮುಸುಕು ಹಬ್ಬುವುದು. ಪೆಡಲಿನ ಗೂಡಿನ ಮರೆಗಳಿಗೂ ಹ್ಯಾಂಡಲಿನ ಬಟ್ಟಲುಗಳು ಕೂರುವ ಸ್ಥಾನಗಳಿಗೂ ಬಣ್ಣ ತಗುಲದಂತೆ ಕಾಗದ ಸುತ್ತಬೇಕು. ರಿಮ್ಮಿನ ಒಳಮೈಗೆ, ಅಂದರೆ ಕಡ್ಡಿಗಳು ಸೇರುವ ಬದಿಗೆ, ಬಣ್ಣ ಬಳಿಯುವ ಮೋಹವನ್ನು ಬಿಡಬೇಕು. ಸರಳಿನ ಬ್ರೇಕಿನ ರಬ್ಬರು ಒತ್ತಿ ಹಿಡಿಯುವುದು ಆ ಮೈಯನ್ನೇ ತಾನೆ? ಬಣ್ಣವನ್ನು ತೆಳುವಾಗಿ, ಒಂದರ ಮೇಲೊಂದು ಲೇಪವಾಗಿ, ನಡುನಡುವೆ ಒಣಗಲು ಒಂದೊಂದು ದಿನ ಬಿಟ್ಟು, ನಯವಾದ ಕಾಗದದಿಂದ ನೀರು ಹಚ್ಚಿ ಉಜ್ಜಿ ಕೊಟ್ಟರೆ ಮಾತ್ರ ಅದು ಕನ್ನಡಿಯಾಗುವುದು. ಒಮ್ಮೆಗೇ ದಪ್ಪವಾಗಿ ಬಳಿದರೆ ಇಳಿದು ಕಣ್ಣೀರುಗಟ್ಟುವುದು. ಸುರಪುರದ ಸೀಮೆಯ ಬೇಸಗೆಯಲ್ಲಿ, ಬಿಸಿಲು ನಲವತ್ತು ಡಿಗ್ರಿಯನ್ನು ದಾಟಿ ನಿಂತ ನಡುಹಗಲು ಬಣ್ಣ ಹಿಡಿದರೆ ಮೇಲ್ಪದರವು ಒಳಪದರಕ್ಕಿಂತ ಮುಂಚೆ ಒಣಗಿ ಸುಕ್ಕಾಗುತ್ತದೆ, ಸುಂಟರಗಾಳಿಯು ಹೊಲದ ಧೂಳನ್ನೆಲ್ಲ ತಂದು ಅದರ ಮೇಲೆ ಕೂರಿಸುತ್ತದೆ. ಮಳೆಗಾಲದಲ್ಲಿ ಹೊಳೆಯ ದಂಡೆಯ ತೇವವು ಹೊಳಪನ್ನು ನುಂಗುತ್ತದೆ. ಸುಗ್ಗಿ ಮುಗಿದ ಮೇಲಿನ ತಂಪಾದ ಮುಂಜಾವುಗಳೇ ಈ ಕಾರ್ಯಕ್ಕೆ ಪ್ರಶಸ್ತ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ನಾಣ್ಣುಡಿಯ ಸತ್ಯವನ್ನು ಬಣ್ಣದಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಕಲಿಸಲಾರದು.

ಹಳೆಯ ಸೈಕಲ್ಲಿಗೆ ಹೊಸ ಬಣ್ಣ ಬಳಿಯುವುದು ಸರಿಯೇ ಎಂಬುದರ ಬಗೆಗೆ ಭಿನ್ನಾಭಿಪ್ರಾಯವಿದೆ. ಕಾರ್ಖಾನೆಯ ಮೂಲ ಬಣ್ಣವೂ, ಮಡಗಾರ್ಡಿನ ಮೇಲಿನ ಬಂಗಾರದ ಗೆರೆಯೂ, ತಯಾರಕನ ಲಾಂಛನವೂ ಉಳಿದಿದ್ದರೆ ಅದನ್ನು ಅಳಿಸುವುದು ಹಳೆಯ ಗುಡಿಯ ಶಿಲ್ಪಕ್ಕೆ ಸುಣ್ಣ ಬಳಿದಂತೆಯೇ ಎಂದು ವಾದಿಸುವವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಅಂಥ ಸೈಕಲ್ಲು ಸಿಕ್ಕಿದರೆ ತೊಳೆದು, ಎಣ್ಣೆಯೊರಸಿ, ಇದ್ದಂತೆ ಕಾಪಾಡುವುದೇ ಯುಕ್ತ. ಆದರೆ ತುಕ್ಕು ಕೊಳವೆಯನ್ನು ತಿನ್ನತೊಡಗಿದ ಮೇಲೆ, ಬಣ್ಣವೆಂಬುದು ಅಲಂಕಾರವಾಗಿ ಉಳಿಯದೆ ರಕ್ಷಣೆಯಾಗುತ್ತದೆ; ಆಗ ಹಿಂದೆಗೆಯುವುದು ತಪ್ಪು. ದಿನವೂ ತುಳಿಯುವ ಸೈಕಲ್ಲಿಗೆ ವಸ್ತುಸಂಗ್ರಹಾಲಯದ ನಿಯಮ ಅನ್ವಯಿಸದು.

ಇಷ್ಟು ಶ್ರಮವೇಕೆ, ಹೊಸದನ್ನೇ ಕೊಂಡರಾಗದೆ, ಮನೆಮನೆಗೆ ಮೋಟಾರು ಬೈಕು ಬಂದಿರುವ ಈ ಕಾಲದಲ್ಲಿ ಹಳೆಯ ಸೈಕಲ್ಲಿನ ಗೊಡವೆ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಟೈರು, ಟ್ಯೂಬು, ರಿಮ್ಮು, ಚೈನುಗಳೆಲ್ಲವನ್ನೂ ಬದಲಿಸಬೇಕಾಗಿ ಬಂದರೆ ವೆಚ್ಚವು ಸಣ್ಣದಾಗಿ ಉಳಿಯದೆಂಬುದನ್ನು ಮರೆಮಾಚದೆ ಒಪ್ಪುತ್ತೇನೆ. ಉಳಿತಾಯವೊಂದನ್ನೇ ನೆಚ್ಚಿ ಈ ಕೆಲಸಕ್ಕೆ ಕೈಹಾಕುವುದು ಬೇಡ. ಆದರೆ ಹೊಸ ಸೈಕಲ್ಲನ್ನು ಕೊಂಡ ಹುಡುಗನಿಗೆ ಸಿಕ್ಕಿದುದು ಸೈಕಲ್ಲು ಮಾತ್ರ. ಹಳೆಯದನ್ನು ತಿದ್ದಿದವನಿಗೆ ಸೈಕಲ್ಲೂ ಸಿಕ್ಕಿತು, ಅದನ್ನು ಬಾಳಿಸುವ ವಿದ್ಯೆಯೂ ಸಿಕ್ಕಿತು. ಸರ್ಕಾರವು ಕೊಟ್ಟ ಅಷ್ಟೊಂದು ಸೈಕಲ್ಲುಗಳು ಕೊಟ್ಟಿಗೆಗಳ ಪಾಲಾದುದು ಏಕೆ? ಕೊಟ್ಟವರು ಸೈಕಲ್ಲನ್ನು ಕೊಟ್ಟರೇ ಹೊರತು ಒಂದು ಪಂಚರು ತಿದ್ದುವ ಪಾಠವನ್ನು ಜೊತೆಗೆ ಕೊಡಲಿಲ್ಲ. ಬೇರಿಂಗು ಸಡಿಲಾದ ದಿನ, ಚೈನು ಹರಿದ ದಿನ ಆ ಮಗುವಿನ ಸವಾರಿ ಮುಗಿಯಿತು. ಪಕ್ಕದ ಊರಿನ ಪ್ರೌಢಶಾಲೆಯ ದಾರಿ ಮತ್ತೆ ಕಾಲ್ನಡಿಗೆಯ ದಾರಿಯಾಯಿತು.

ಕೈಗೆಲಸವನ್ನು ಶಿಕ್ಷಣದ ಕೇಂದ್ರದಲ್ಲಿ ಇರಿಸಬೇಕೆಂದು ಗಾಂಧೀಜಿ 1937ರ ವಾರ್ಧಾ ಸಮ್ಮೇಳನದಲ್ಲಿ ಪ್ರತಿಪಾದಿಸಿದರು. ಅದರ ಪಠ್ಯಯೋಜನೆಯನ್ನು ಸಿದ್ಧಪಡಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು, ಮುಂದೆ ರಾಷ್ಟ್ರಪತಿಗಳಾದ, ಹೈದರಾಬಾದಿನಲ್ಲಿ ಹುಟ್ಟಿದ ಜಾಕಿರ್ ಹುಸೇನರು. 1948ರವರೆಗೆ ಅದೇ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ನಮ್ಮ ಈ ಸೀಮೆಗೆ ಆ ವಿಚಾರವು ಪರಕೀಯವಾದುದಲ್ಲ. ಅತ್ತ ಡಚ್ಚರ ಆಮ್ಸ್ಟರ್‌ಡ್ಯಾಮ್ ನಗರದಲ್ಲಿ 2009ರಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬಾಕೆ, ಕೆಟ್ಟ ವಸ್ತುಗಳನ್ನು ಜನರು ತಂದು, ಬಲ್ಲವರ ಜೊತೆ ಕುಳಿತು, ತಾವೇ ತಿದ್ದಿಕೊಳ್ಳುವ ‘ರಿಪೇರಿ ಕೆಫೆ’ಯನ್ನು ತೆರೆದರು, ಇಂದು ಅದನ್ನು ಅನೇಕ ದೇಶಗಳು ಅನುಸರಿಸುತ್ತಿವೆ. ಸಿರಿವಂತರಾದ ಡಚ್ಚರು ಇದನ್ನು ಹೊಸದಾಗಿ ಕಲಿಯುತ್ತಿರುವಾಗ, ಕುಲುಮೆಯ ಮುಂದೆ ಕುಳಿತು ಕುಡುಗೋಲು ಹಣಿಸಿಕೊಂಡು ಹೋಗುತ್ತಿದ್ದ ನಮ್ಮ ರೈತರು ಅದನ್ನು ಮರೆಯುವುದು ಎಂಥ ವಿಪರ್ಯಾಸ!

ಕಲಿಸುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ಲು ಕೊಡುತ್ತಿದ್ದ ಅಂಗಡಿಗಳಲ್ಲಿ ದುಡಿದು, ಕಡ್ಡಿಯನ್ನು ಬೆರಳಿನಿಂದ ಮೀಟಿ ಅದರ ನಾದದಿಂದಲೇ ಬಿಗಿತವನ್ನು ತಿಳಿಯಬಲ್ಲ ಹಿರಿಯರು ಸುರಪುರ, ಶಹಾಪುರ, ಯಾದಗಿರಿಗಳ ಸಂದುಗಳಲ್ಲಿ ಇನ್ನೂ ಇದ್ದಾರೆ. ಅವರ ಮಕ್ಕಳು ಬೇರೆ ದಾರಿ ಹಿಡಿದಿದ್ದಾರೆ. ಅವರೊಡನೆಯೇ ಆ ವಿದ್ಯೆಯೂ ಮುಗಿಯಲಿದೆ. ಅವರಿಗೆ ಗೌರವಧನ ಕೊಟ್ಟು, ಗುರುಗಳೆಂದು ಶಾಲೆಗೆ ಕರೆತರಲು ತಡಮಾಡಬಾರದು.

ನನ್ನ ಸೂಚನೆ ಸರಳವಾದುದು. ತಿಂಥಣಿಯ ಪ್ರೌಢಶಾಲೆಯ ಆವರಣದಲ್ಲಿಯೋ, ಮೌನೇಶ್ವರನ ಸನ್ನಿಧಿಯ ಬಳಿಯಲ್ಲಿಯೋ ಒಂದು ಚಪ್ಪರ, ಒಂದು ಗಟ್ಟಿಮುಟ್ಟಾದ ಮೇಜು, ಒಂದು ಜೊತೆ ಪಾನಾ ಸುತ್ತಿಗೆಗಳು, ಗಾಳಿ ಹಾಕುವ ಪಂಪು, ಗ್ರೀಸು, ಬಣ್ಣ ಇಷ್ಟನ್ನು ಒದಗಿಸಲಿ. ಶಾಲಾಭಿವೃದ್ಧಿ ಸಮಿತಿಯವರು ಊರಿನ ನಿರುಪಯೋಗಿ ಸೈಕಲ್ಲುಗಳನ್ನು ಒಟ್ಟುಗೂಡಿಸಲಿ. ಚೀಲವಿಲ್ಲದೆ ಶಾಲೆಗೆ ಬರುವ ದಿನಗಳಲ್ಲಿಯೂ ರಜೆಯ ದಿನಗಳಲ್ಲಿಯೂ ಮಕ್ಕಳು, ಹುಡುಗಿಯರೂ ಸಹ, ಅವನ್ನು ತಿದ್ದಲಿ. ತಿದ್ದಿದವರಿಗೇ ಆ ಸೈಕಲ್ಲು ಸಲ್ಲಲಿ. ಈ ಹಿಂದುಳಿದ ಪ್ರದೇಶದ ಏಳಿಗೆಗೆಂದೇ ಇರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇಂಥ ಚಪ್ಪರಗಳ ವೆಚ್ಚವು ಲೆಕ್ಕಕ್ಕೆ ಬರುವಷ್ಟು ದೊಡ್ಡದಲ್ಲ. ಸರ್ಕಾರವು ಸೈಕಲ್ ಯೋಜನೆಯನ್ನು ಮತ್ತೆ ಆರಂಭಿಸುವುದಾದರೆ, ಪ್ರತಿ ಶಾಲೆಗೂ ಇಂಥದೊಂದು ಚಪ್ಪರವನ್ನು ಮೊದಲು ಕಟ್ಟಿಸಿ, ಆಮೇಲೆ ಸೈಕಲ್ಲು ಹಂಚಲಿ.

ಸರ್ಕಾರವು ಕಣ್ಣು ತೆರೆಯುವವರೆಗೆ ಕಾಯಬೇಕಾದ ಅಗತ್ಯ ನಮಗಾರಿಗೂ ಇಲ್ಲ. ಮನೆಯ ಹಿತ್ತಿಲಲ್ಲಿ ಹಳೆಯ ಸೈಕಲ್ಲು ಇರುವ ವಾಚಕರು ಅದನ್ನು ಗುಜರಿಗೆ ಕೊಡುವ ಮುನ್ನ ಮನೆಯ ಮಕ್ಕಳ ಕೈಗೊಂದು ಪಾನಾ ಕೊಟ್ಟು, ಊರಿನ ಹಳೆಯ ಸೈಕಲ್ ಮಿಸ್ತ್ರಿಯನ್ನು ಒಂದು ದಿನದ ಮಟ್ಟಿಗೆ ಮನೆಗೆ ಕರೆಯಲಿ ಎಂದು ವಿನಂತಿಸುತ್ತೇನೆ.